ಮಾತಾಡಿಸಿಕೊಂಡು ಬರುವುದು

ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆಂದು ಗೊತ್ತಾದರೆ ನನ್ನ ಅವ್ವ ಸಂಜೆ ಹೊತ್ತಿಗೆ ಮುಖ ತೊಳೆದು, ಸೀರೆ ಬದಲಿಸಿ, ಬಟ್ಟೆಯ ಕೈಚೀಲಕ್ಕೆ ಒಂದು ಚಿಪ್ಪು ಬಾಳೆಹಣ್ಣು, ಒಂದು ಬ್ರೆಡ್ಡು ಹಾಕಿಕೊಂಡು ಹೊರಡುತ್ತಿದ್ದಳು. ಎಲ್ಲಿಗವ್ವ ಅಂದರೆ ‘ಮಾತಾಡಿಸ್ಕಂಡು ಬತ್ತೀನಿ’ ಅನ್ನುವಳು. ಸಾವಿನ ಮನೆಗೂ ಅದೇ ಮಾತು, ಹಸು ಸತ್ತವರ ಮನೆಗೂ ಅದೇ ಮಾತು, ಕಪಿಲೆ ಹೊಳೆ ಉಕ್ಕಿ ಬೆಳೆ ಕಳೆದುಕೊಂಡವರ ಮನೆಗೂ ಅದೇ. ಹೋಗಿ ದೊಡ್ಡ ಬುದ್ಧಿವಾದ ಹೇಳುವವಳಲ್ಲ. ‘ಊಟ ಸೇರ್ತದಾ? ನಿದ್ದೆ ಬತ್ತದಾ?’ ಎಂದು ಕೇಳುವಳು. ಅವರು ಹೇಳಿದ್ದನ್ನು ಕೇಳಿಸಿಕೊಳ್ಳುವಳು. ಹೇಳದಿದ್ದರೆ ಗೋಡೆಗೊರಗಿ ಸುಮ್ಮನೆ ಕೂತಿದ್ದು ದೀಪ ಹಚ್ಚುವ ಹೊತ್ತಿಗೆ ಎದ್ದು ಬರುವಳು. ‘ಮಾತಾಡು’ ಅನ್ನುವುದಕ್ಕೂ ‘ಮಾತಾಡಿಸು’ ಅನ್ನುವುದಕ್ಕೂ ಇರುವ ಅಂತರವನ್ನು ನಾನು ವ್ಯಾಕರಣದ ಪುಸ್ತಕಕ್ಕಿಂತ ಮೊದಲು ಆ ಕೈಚೀಲದಿಂದ ಕಲಿತೆ. ಎದುರಿಗಿರುವವರ ಎದೆಯಲ್ಲಿ ಕಟ್ಟಿಕೊಂಡಿದ್ದು ಬಾಯಿಗೆ ಬರುವಂತೆ ಮಾಡುವುದು ಮಾತಾಡಿಸುವುದು.

ಅಂಥ ಅವ್ವ ಒಂದು ಮನೆಗೆ ಮಾತ್ರ ಹೋಗಲಿಲ್ಲ. ಹಿಂದಿನ ಬೀದಿಯ ಆ ಮನೆಯ ಹುಡುಗ ಜೀವವೇ ಬೇಡವೆಂದು ಮುಂದಾಗಿ, ಹೇಗೋ ಉಳಿದು, ಆಸ್ಪತ್ರೆಯಿಂದ ವಾಪಸು ಬಂದಿದ್ದ. ಅವ್ವ ಸೀರೆ ಬದಲಿಸಿದ್ದಳು, ಚೀಲಕ್ಕೆ ಹಣ್ಣೂ ಹಾಕಿದ್ದಳು. ಹೊಸಿಲ ತನಕ ಹೋದವಳು ತಿರುಗಿ ಬಂದು ಚೀಲವನ್ನು ಗೂಟಕ್ಕೆ ನೇತುಹಾಕಿದಳು. ‘ಏನಂತ ಮಾತಾಡ್ಸಾದು? ಆ ಮಾತು ಎತ್ತುದ್ರೆ ಮರ್ತಿರೋನ್ಗೆ ನಾವೇ ಗ್ಯಾಪ್ಕ ಮಾಡ್ದಂಗಾಯ್ತದೆ’ ಅಂದಳು. ಆ ಹಣ್ಣನ್ನು ನಾವೇ ತಿಂದೆವು.

ಇದಾಗಿ ನಲವತ್ತು ವರ್ಷ ಕಳೆದಿದೆ. ಮೈಸೂರು–ನಂಜನಗೂಡು ರಸ್ತೆಯ ತಾಂಡ್ಯ ಈಗ ಹೊಲಗದ್ದೆಯ ಊರಾಗಿ ಉಳಿದಿಲ್ಲ. ಕೈಗಾರಿಕಾ ಪ್ರದೇಶ ಬಂದು ಕಾರ್ಖಾನೆಗಳು ಎದ್ದಿವೆ. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದಿನ ಟೀ ಅಂಗಡಿಯಲ್ಲಿ ನಿಂತರೆ ನಂಜನಗೂಡು, ತಿ. ನರಸೀಪುರ, ಚಾಮರಾಜನಗರದ ಹಳ್ಳಿಹಳ್ಳಿಯ ಹುಡುಗ ಹುಡುಗಿಯರು ಕಾಣುತ್ತಾರೆ. ಹೆಗಲಿಗೆ ಬ್ಯಾಗು, ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ಕುತ್ತಿಗೆಯಲ್ಲಿ ಕಂಟ್ರಾಕ್ಟರ್ ಕೊಟ್ಟ ಗುರುತಿನ ಚೀಟಿ. ಹೋದ ತಿಂಗಳು ಅಲ್ಲೇ ಒಬ್ಬ ಹುಡುಗ ಎರಡು ವಾರ ಕಾಣಲಿಲ್ಲ. ವಾಪಸು ಬಂದ ದಿನ ಅವನು ಅಂಗಡಿಗೆ ಕಾಲಿಟ್ಟದ್ದೇ ತಡ, ಗಲಗಲ ಅನ್ನುತ್ತಿದ್ದ ಬೆಂಚು ಮೌನವಾಯಿತು. ಅವನು ಟೀ ಕುಡಿದು ಹೋದ ಮೇಲೆ ಒಬ್ಬ ನನ್ನ ಕಿವಿಯ ಹತ್ತಿರ ಬಂದು, ‘ಮೇಷ್ಟ್ರೆ, ಅವ್ನ ಮುಂದೆ ಆ ಮಾತು ಎತ್ಬೇಡಿ’ ಎಂದ. ಅವ್ವನ ಭಯವೇ ಅದು, ನಲವತ್ತು ವರ್ಷದಲ್ಲಿ ಒಂದಿಷ್ಟೂ ಸವೆದಿಲ್ಲ.

ಈ ಭಯ ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮೆಡೆಲಿನ್ ಗೂಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೊಟ್ಟ ಪ್ರಶ್ನೆಗಳಲ್ಲಿ ಸಾಯುವ ಯೋಚನೆಯ ಬಗ್ಗೆ ನೇರವಾಗಿಯೇ ಕೇಳಿದರು, ಇನ್ನೊಂದು ಗುಂಪಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ಎರಡೂ ಗುಂಪನ್ನು ವಿಚಾರಿಸಿದಾಗ, ಕೇಳಿಸಿಕೊಂಡ ಮಕ್ಕಳಲ್ಲಿ ಅಂಥ ಯೋಚನೆ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದ ಮಕ್ಕಳಿಗಂತೂ ಕೇಳಿದ್ದರಿಂದ ಸಂಕಟ ಏರುವ ಬದಲು ತುಸು ಇಳಿದಂತೆಯೇ ಕಂಡಿತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ನಂತರ ಬೇರೆ ಬೇರೆ ಕಡೆ ನಡೆದ ಪರೀಕ್ಷೆಗಳೂ ಅದೇ ಮಾತು ಹೇಳಿವೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಅದು ಮೊದಲೇ ಇರುತ್ತದೆ. ಯಾರೂ ಕೇಳದಿದ್ದರೆ ಅದರ ಜೊತೆ ಆ ಜೀವ ಒಂಟಿಯಾಗಿ ಕೂತಿರುತ್ತದೆ.

ಅವ್ವನಿಗೆ ಇದನ್ನು ಹೇಳುವ ಅವಕಾಶ ನನಗೆ ಸಿಗಲಿಲ್ಲ. ಸಿಕ್ಕಿದ್ದರೆ ಅವಳು ಆ ಚೀಲವನ್ನು ಗೂಟದಿಂದ ಇಳಿಸಿಕೊಂಡು ಹೊರಡುತ್ತಿದ್ದಳು ಎಂಬ ನಂಬಿಕೆ ನನ್ನದು.

ಮನಶ್ಶಾಸ್ತ್ರಜ್ಞರು ಗೆದ್ದ ಕಥೆಯಷ್ಟೇ ಅವರು ಸೋತ ಕಥೆಯೂ ನಮಗೆ ಬೇಕು. ಯಾರು ಜೀವಕ್ಕೆ ಅಪಾಯ ತಂದುಕೊಳ್ಳಬಹುದು ಎಂದು ಮುಂಚಿತವಾಗಿ ಗುರುತಿಸಲು ಎಷ್ಟೋ ಪ್ರಶ್ನಾವಳಿಗಳು, ಅಂಕಪಟ್ಟಿಗಳು ಬಂದವು. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿ ನೋಡಿದರು. ಅಪಾಯದ್ದೆಂದು ಎಣಿಸಿದ ಅಂಶಗಳನ್ನು ಹಿಡಿದು ಮುಂದಾಗುವುದನ್ನು ಹೇಳುವುದೂ ಒಂದೇ, ಕಾಸು ಮೇಲೆ ಚಿಮ್ಮಿ ಹೇಳುವುದೂ ಹೆಚ್ಚುಕಡಿಮೆ ಒಂದೇ ಎಂಬಂತಿತ್ತು ಬಂದ ಉತ್ತರ. 2022ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ಅಂಕ ಹಾಕಿ ‘ಇವರಿಗೆ ಅಪಾಯ ಹೆಚ್ಚು, ಇವರಿಗೆ ಕಡಿಮೆ’ ಎಂದು ವಿಂಗಡಿಸಿ ಆ ಪ್ರಕಾರ ಚಿಕಿತ್ಸೆ ಕೊಡಬೇಡಿ, ಎದುರಿಗಿರುವ ಮನುಷ್ಯನಿಗೆ ಏನು ಬೇಕು ಎಂದು ಕೇಳಿ ಎಂದಿತು. ನನಗೆ ಈ ಒಪ್ಪಿಗೆ ಬಹಳ ದೊಡ್ಡದಾಗಿ ಕಾಣುತ್ತದೆ. ‘ಅವ್ನು ಅಂಥೋನಲ್ಲ’, ‘ನಿನ್ನೆ ತಾನೇ ನಗ್ತಾ ಇದ್ದ’ ಎಂದು ಸಾವಿನ ಮನೆಯ ಮುಂದೆ ನಾವು ಆಡುವ ಮಾತಿಗೂ ಐವತ್ತು ವರ್ಷದ ವಿಜ್ಞಾನಕ್ಕೂ ಇರುವ ಅಂತರ ಅಷ್ಟೇನೂ ಇಲ್ಲ. ಮುಖ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಆರಿಸಿ ಆರಿಸಿ ಮಾತಾಡಿಸುವುದಕ್ಕೂ ಆಗುವುದಿಲ್ಲ.

2022ರಲ್ಲಿ ದೇಶದಲ್ಲಿ 1,70,924 ಮಂದಿ ತಮ್ಮ ಕೈಯಾರೆ ಜೀವ ಕಳೆದುಕೊಂಡರು, ನಮ್ಮ ರಾಜ್ಯದಲ್ಲೇ 13,606 ಮಂದಿ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕ. ದೇಶದ ಲೆಕ್ಕದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ದಿನಗೂಲಿಯವರು. ತಾಂಡ್ಯದ ಗೇಟಿನ ಮುಂದೆ ನಿಂತು ಓದಿದಾಗ ಈ ಸಾಲು ಬೇರೆಯೇ ಭಾರದಲ್ಲಿ ಇಳಿಯುತ್ತದೆ. ಒಂದು ಸಾವಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಯತ್ನಿಸಿ ಉಳಿದಿರುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಅಳತೆಯನ್ನು ಕರ್ನಾಟಕಕ್ಕೆ ಹಿಡಿದರೆ ಒಂದೇ ವರ್ಷದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮನೆ. ಯಾರೂ ಬಾಳೆಹಣ್ಣು ಹಿಡಿದು ಹೋಗದ ಮನೆಗಳು.

ಕಾರಣ ಏನು ಎಂದು ಕೇಳಿದರೆ ಊರು ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತದೆ: ಸಾಲ, ಪರೀಕ್ಷೆ, ಪ್ರೀತಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಜಿ. ಗುರುರಾಜ್ ಮತ್ತು ಜೊತೆಯವರು ಹೀಗೆ ತೀರಿಕೊಂಡವರ ಮನೆಗಳಿಗೆ ಹೋಗಿ, ಅದೇ ವಯಸ್ಸಿನ ಬದುಕಿರುವವರ ಜೊತೆ ಹೋಲಿಸಿ ಮಾಡಿದ ಅಧ್ಯಯನ 2004ರಲ್ಲಿ ಬಂತು. ಮನೆಯೊಳಗಿನ ಹೊಡೆತ ಬಡಿತ, ಕುಡಿತ, ಹಣದ ಮುಗ್ಗಟ್ಟು, ಮೊದಲೇ ಒಮ್ಮೆ ಯತ್ನಿಸಿದ್ದು, ಮನಸ್ಸಿನ ಕಾಯಿಲೆ, ಹೀಗೆ ಒಂದರ ಮೇಲೊಂದು ಕೂಡಿಕೊಂಡು ಬಂದಿರುತ್ತವೆ, ಒಂಟಿ ಕಾರಣ ಎಂಬುದು ಅಪರೂಪ ಎಂದು ಅದು ತೋರಿಸಿತು. ಊರಿನವರ ಕಣ್ಣಿಗೆ ಬೀಳುವುದು ಕೊನೆಯದಾಗಿ ಬಂದು ಕೂತದ್ದು ಮಾತ್ರ.

ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಕಾಲದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದಾಳೆಂದು ಗೆಳತಿಯರು ಬಂದು ಹೇಳಿದರು. ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ. ನಾಲ್ಕು ಮಂದಿ ಮೇಷ್ಟ್ರುಗಳ ಎದುರು ನಿಲ್ಲಿಸಿ ‘ಯಾರನ್ನು ಹೆದರಿಸೋಕೆ ಇದು?’ ಎಂದು ಕೇಳಿದೆ. ಅವಳು ನೆಲ ನೋಡುತ್ತಾ ನಿಂತಿದ್ದಳು. ಕಾಲಿನ ಹೆಬ್ಬೆರಳಿನಿಂದ ಕಡಪಾ ಕಲ್ಲಿನ ಸಂದಿಯನ್ನು ತೀಡುತ್ತಿದ್ದಳು, ಅಷ್ಟೇ. ಮರುದಿನ ತಂದೆಯನ್ನು ಕರೆಸಿದೆವು. ಒಂದು ವಾರದ ಮೇಲೆ ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಎಲ್ಲೋ ಮದುವೆಯಾಗಿ ಮಕ್ಕಳೊಂದಿಗೆ ಇದ್ದಾಳೆಂದು ಕೇಳಿದ ಮೇಲೆ ನನಗೆ ಸ್ವಲ್ಪ ಉಸಿರು ಬಂತು. ಆ ಹೆಬ್ಬೆರಳು ಮಾತ್ರ ಈಗಲೂ ಕಣ್ಣ ಮುಂದೆ ಬರುತ್ತದೆ.

ಅವಳು ಯಾರನ್ನೂ ಹೆದರಿಸುತ್ತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಿಮ್ಹಾನ್ಸ್‌ನ ಖರ್ಸಾಟಿ ಮತ್ತು ಪೂರ್ಣಿಮಾ ಭೋಲಾ ಅವರು ಬೆಂಗಳೂರಿನ 470 ಕಾಲೇಜು ವಿದ್ಯಾರ್ಥಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಸಾಯುವ ಉದ್ದೇಶವಿಲ್ಲದೆ ತಮಗೆ ತಾವೇ ನೋವು ಮಾಡಿಕೊಂಡವರು ನೂರಕ್ಕೆ 31 ಮಂದಿ. ಒಂದು ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಹದಿನೆಂಟು ಹತ್ತೊಂಬತ್ತು ಎಂದು ಲೆಕ್ಕ ಹಾಕಿ ಆ ದಿನ ನಾನು ಪತ್ರಿಕೆ ಮಡಚಿಟ್ಟೆ. ಹಾರ್ವರ್ಡ್‌ನ ಮ್ಯಾಥ್ಯೂ ನಾಕ್ ಮುಂತಾದವರು ಇಪ್ಪತ್ತು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ: ಇದರಿಂದ ಆ ಜೀವಕ್ಕೆ ಏನು ಸಿಗುತ್ತದೆ? ಹೆಚ್ಚಿನವರು ಕೊಟ್ಟ ಉತ್ತರ ಒಂದೇ ಬಗೆಯದು. ತಡೆಯಲಾರದ ಸಂಕಟ, ಸಿಟ್ಟು, ನಾಚಿಕೆ ಅಥವಾ ಏನೂ ಅನ್ನಿಸದ ಮರಗಟ್ಟಿದ ಸ್ಥಿತಿಯಿಂದ ಆ ಹೊತ್ತಿಗೆ ಹೊರಬರಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಆ ನಿರಾಳ ಗಳಿಗೆಯಷ್ಟೂ ನಿಲ್ಲುವುದಿಲ್ಲ, ಹಿಂದೆಯೇ ನಾಚಿಕೆ ಇಮ್ಮಡಿಯಾಗಿ ಬರುತ್ತದೆ, ಮುಚ್ಚಿಡುವ ಶ್ರಮ ಬೇರೆ. ಇದು ಸಾಯುವ ಯತ್ನವಲ್ಲ. ಆದರೆ ಇದನ್ನು ‘ನಾಟಕ’ ಎಂದು ತಳ್ಳಿಹಾಕುವಂತೆಯೂ ಇಲ್ಲ, ಮುಂದೆ ಜೀವಕ್ಕೇ ಅಪಾಯ ಬರುವ ಸಾಧ್ಯತೆ ಇಂಥವರಲ್ಲಿ ಹೆಚ್ಚು ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸಿ ನಾನು ಆ ಹುಡುಗಿಯ ನಾಚಿಕೆಗೆ ಇನ್ನಷ್ಟು ನಾಚಿಕೆ ಸೇರಿಸಿದೆ. ಕೇಳಬೇಕಾದದ್ದು ಒಂದೇ ಮಾತು, ಅದೂ ಮರದ ಕೆಳಗೆ, ಒಬ್ಬಳೇ ಇದ್ದಾಗ: ಏನು ಸಂಕಟ ಕೂಸೇ?

ಅಮೆರಿಕದ ಎಡ್ವಿನ್ ಷ್ನೈಡ್‌ಮನ್ ಸಾಯಲು ಮುಂದಾಗುವವರನ್ನು ಕುರಿತ ಅಧ್ಯಯನದ ದಾರಿಗೆ ಮೊದಲ ಕಲ್ಲು ಹಾಸಿದವರಲ್ಲೊಬ್ಬರು. 1949ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಹೋದವರ ಹಳೆಯ ಕಡತಗಳ ನಡುವೆ ಅವರು ಬರೆದಿಟ್ಟ ಕಾಗದಗಳ ರಾಶಿ ಕಣ್ಣಿಗೆ ಬಿದ್ದು, ಉಳಿದ ಬದುಕನ್ನೆಲ್ಲ ಅದಕ್ಕೇ ಕೊಟ್ಟರು. 1958ರಲ್ಲಿ ಅಲ್ಲೇ ಇಂಥವರಿಗಾಗಿ ಒಂದು ಕೇಂದ್ರ ತೆರೆದರು. ಅವರು ಕಂಡುಕೊಂಡದ್ದು: ಸಾವಿನ ಅಂಚಿನಲ್ಲಿ ನಿಂತವರಿಗೆ ಬೇಡವಾಗಿರುವುದು ಬದುಕಲ್ಲ, ತಡೆಯಲಾಗದ ಆ ಮನೋವೇದನೆ. ಬದುಕಬೇಕು ಎನ್ನುವುದೂ ಬೇಡ ಎನ್ನುವುದೂ ಒಂದೇ ಎದೆಯಲ್ಲಿ ಕೊನೆಯ ಗಳಿಗೆಯವರೆಗೂ ಜಗ್ಗಾಡುತ್ತಿರುತ್ತವೆ. ನೋವು ಎಲ್ಲಿದೆ ಎಂದು ಕೇಳಿ, ಅದನ್ನು ಸ್ವಲ್ಪವೇ ಸ್ವಲ್ಪ ಇಳಿಸಿದರೂ ಸಾಕು, ಜೀವ ಬದುಕಿನ ಕಡೆಗೆ ವಾಲುತ್ತದೆ.

ಇನ್ನೊಬ್ಬ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್. ತಂದೆಯನ್ನು ಹೀಗೆಯೇ ಕಳೆದುಕೊಂಡವರು. ಸಾಯುವ ಬಯಕೆಯ ಹಿಂದೆ ಎರಡು ಅನ್ನಿಸಿಕೆಗಳು ಜೊತೆಯಾಗಿರುತ್ತವೆ ಎಂದು ಅವರು 2005ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಒಂದು, ನನಗೆ ನನ್ನವರೆಂಬುವರಿಲ್ಲ ಎಂಬುದು. ಇನ್ನೊಂದು, ನಾನು ಎಲ್ಲರಿಗೂ ಭಾರ ಎಂಬುದು. ಈ ಎರಡನೆಯದನ್ನು ಓದುವಾಗ ನನಗೆ ಬೆನ್ನುಹುರಿಯಲ್ಲಿ ಚಳಿ ಹಾಯಿತು. ಆ ಮಾತು ನಮ್ಮ ನಾಲಿಗೆಯ ತುದಿಯಲ್ಲೇ ಇದೆ. ಕೆಲಸ ಸಿಗದ ಮಗನಿಗೆ ‘ಅನ್ನಕ್ಕೆ ದಂಡ, ಭೂಮಿಗೆ ಭಾರ’ ಎನ್ನುತ್ತೇವೆ. ಮದುವೆಯಾಗದ ಮಗಳನ್ನು ಸೆರಗಿನ ಕೆಂಡ ಎನ್ನುತ್ತೇವೆ. ಹಾಸಿಗೆ ಹಿಡಿದ ಮುದುಕರ ಕಿವಿಗೆ ಬೀಳುವಂತೆ ‘ಎಷ್ಟು ದಿನ ಅಂತ ಹೊರೋದು’ ಎನ್ನುತ್ತೇವೆ. ಸಿಟ್ಟಿನಲ್ಲಿ ಆಡಿದವರು ಸಂಜೆಗೆ ಮರೆತಿರುತ್ತಾರೆ. ಆ ಅನುಮಾನವನ್ನು ಮೊದಲೇ ಹೊತ್ತುಕೊಂಡಿರುವ ಜೀವಕ್ಕೆ ಅದು ಹೊರಗಿನಿಂದ ಬಂದ ಸಾಕ್ಷಿಯಂತೆ ಕಾಣುತ್ತದೆ. ಭಾರ ಎನ್ನುವುದು ಆ ಹೊತ್ತಿನ ಮನಸ್ಸು ಹೇಳುವ ಸುಳ್ಳು ಎಂದು ಜಾಯ್ನರ್ ಒತ್ತಿ ಹೇಳುತ್ತಾರೆ. ಹೋದವರ ಮನೆಯಲ್ಲಿ ನೆಲದ ಮೇಲೆ ಕೂತ ತಾಯಂದಿರನ್ನು ಕಂಡ ಯಾರಿಗಾದರೂ ಅದು ಸುಳ್ಳೆಂದು ಗೊತ್ತು.

ಈ ಅಂಕಣವನ್ನು ಓದುತ್ತಿರುವವರಲ್ಲಿ ಅಂಥ ಅನ್ನಿಸಿಕೆಯನ್ನು ಒಳಗಿಟ್ಟುಕೊಂಡವರು ಇರಬಹುದು. ನಿಮಗೆ ನಾನು ಹೇಳುತ್ತಿದ್ದೇನೆ: ನೀವು ಭಾರವಲ್ಲ. ಆ ಯೋಚನೆ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಪಕ್ಕದ ಮನೆಗಾದರೂ ಹೋಗಿ ಕೂತುಕೊಳ್ಳಿ. 14416ಕ್ಕೆ ಫೋನ್ ಮಾಡಿ. ಹಗಲಾಗಲಿ ನಡುರಾತ್ರಿಯಾಗಲಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಮಾತಾಡಿಸುವುದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಇನ್ನೆರಡು ಸಂಗತಿ. ಸ್ಯಾನ್ ಫ್ರಾನ್ಸಿಸ್ಕೊದ ಮನೋವೈದ್ಯ ಜೆರೋಮ್ ಮೋಟೊ, ಆಸ್ಪತ್ರೆಯಿಂದ ಹೋದ ಮೇಲೆ ಮುಂದಿನ ಚಿಕಿತ್ಸೆ ಬೇಡವೆಂದ ಅಥವಾ ನಿಲ್ಲಿಸಿದ 843 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಐದು ವರ್ಷ ಕಾಗದ ಬರೆದರು. ಕಾಗದವೆಂದರೆ ಎರಡು ಮೂರು ಸಾಲು. ನೀವು ಹೋಗಿ ಸ್ವಲ್ಪ ದಿನವಾಯಿತು, ಚೆನ್ನಾಗಿದ್ದೀರಿ ಎಂದುಕೊಂಡಿದ್ದೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟು. ಯಾವ ಬೇಡಿಕೆಯೂ ಇಲ್ಲ, ಉಪದೇಶವೂ ಇಲ್ಲ. ಕಾಗದ ಬಂದವರಲ್ಲಿ, ಮೊದಲ ಎರಡು ವರ್ಷಗಳಲ್ಲಿ ಮುಖ್ಯವಾಗಿ, ಸಾವು ಕಡಿಮೆಯಾಯಿತು.

ಎರಡನೆಯದು ನಮಗೆ ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಕಡೆ, ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯ ಜೊತೆ ನಡೆಸಿದ ಪ್ರಯೋಗ. ಐದರಲ್ಲೊಂದು ಚೆನ್ನೈ, 1986ರಲ್ಲಿ ‘ಸ್ನೇಹಾ’ ಎಂಬ ಸಹಾಯ ಕೇಂದ್ರ ಕಟ್ಟಿದ ಡಾ. ಲಕ್ಷ್ಮಿ ವಿಜಯಕುಮಾರ್ ಅಲ್ಲಿಯದನ್ನು ನೋಡಿಕೊಂಡರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರ ಜೊತೆ ಆಸ್ಪತ್ರೆ ಬಿಡುವ ಮುನ್ನ ಒಂದು ಗಂಟೆ ಕೂತು ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಮಾಡಿ ಅಥವಾ ಮನೆಗೇ ಹೋಗಿ ವಿಚಾರಿಸುವುದು. ಹದಿನೆಂಟು ತಿಂಗಳ ಕೊನೆಗೆ ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 2.2 ಮಂದಿ ತಮ್ಮ ಜೀವ ಕಳೆದುಕೊಂಡಿದ್ದರು. ಹೀಗೆ ವಿಚಾರಿಸಲಾದವರಲ್ಲಿ 0.2. ಇದು 2008ರಲ್ಲಿ ಪ್ರಕಟವಾಯಿತು. ದೊಡ್ಡ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಒಂಬತ್ತು ಸಲ ಮಾತಾಡಿಸಿಕೊಂಡು ಬಂದರು, ಅಷ್ಟೇ. ಅವ್ವ ಹೋಗುತ್ತಿದ್ದದ್ದು ಒಂದೇ ಸಲ. ಮತ್ತೆ ಮತ್ತೆ ಹೋಗಬೇಕು ಎಂಬುದನ್ನು ಆ ಅಧ್ಯಯನ ನಮ್ಮ ಪದಕ್ಕೆ ಸೇರಿಸಿದೆ.

ಆದರೆ ಆಸ್ಪತ್ರೆಯಲ್ಲೇ ನಿಜ ಹೇಳದವರನ್ನು ಯಾರು ವಿಚಾರಿಸಲು ಹೋಗುತ್ತಾರೆ? ‘ಬಿದ್ಬುಟ್ಟ’, ‘ಮಾತ್ರೆ ಗೊತ್ತಾಗ್ದೆ ತಕ್ಕಂಡ’ ಎಂದು ಬರೆಸಿ ಮನೆಯವರು ಹುಡುಗನನ್ನು ಕರೆದುಕೊಂಡು ಹೊರಟುಬಿಡುತ್ತಾರೆ. ಪೊಲೀಸು, ಕೇಸು, ಪೇಪರಿನಲ್ಲಿ ಹೆಸರು, ಮುಂದೆ ಮನೆಯ ಹೆಣ್ಣುಮಕ್ಕಳ ಮದುವೆ ಎಂಬ ಹೆದರಿಕೆ. ಒಂದು ಕಾಲಕ್ಕೆ ಆ ಹೆದರಿಕೆಗೆ ಅರ್ಥವಿತ್ತು, ಭಾರತೀಯ ದಂಡ ಸಂಹಿತೆಯ 309ನೇ ಕಲಂ ಯತ್ನಿಸಿದವರನ್ನೇ ಅಪರಾಧಿ ಮಾಡುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಕೂಡದು, ಸರ್ಕಾರ ಅವರಿಗೆ ಆರೈಕೆ, ಚಿಕಿತ್ಸೆ ಕೊಡಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ 309ನೇ ಕಲಂ ಇಲ್ಲವೇ ಇಲ್ಲ. ತಾಂಡ್ಯದ ಟೀ ಅಂಗಡಿಯಲ್ಲಿ ಇದನ್ನು ಹೇಳಿದಾಗ ‘ಹೌದಾ ಮೇಷ್ಟ್ರೆ? ಜೈಲಿಲ್ವಾ?’ ಎಂದು ಒಬ್ಬ ಎರಡು ಸಲ ಕೇಳಿದ. ಕಾನೂನು ಬದಲಾದದ್ದು ಹೆದ್ದಾರಿಯಲ್ಲಿ ಬಂದು ಹೆದ್ದಾರಿಯಲ್ಲೇ ಹೋಯಿತು, ಊರೊಳಕ್ಕೆ ತಿರುಗಲಿಲ್ಲ.

ಹೆಸರು ಕೆಡುವ ಹೆದರಿಕೆಯನ್ನು ಕಾನೂನು ಅಳಿಸಲಾರದು. ಮೈಸೂರಿನಲ್ಲೇ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ‘ಶರಪಂಜರ’ ಬರೆದದ್ದು ಈ ನೋವಿನ ಬಗ್ಗೆಯೇ. ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ, ಅವಳನ್ನು ಮತ್ತೆ ಕಾಯಿಲೆಗೆ ತಳ್ಳುವುದು ಮನೆಯವರ, ನೆರೆಹೊರೆಯವರ ಕಣ್ಣು. ನಾವೆಲ್ಲ ಆ ಕಥೆಗೆ ಅತ್ತವರೇ. ಅತ್ತು ಎದ್ದು ಬಂದು ನಮ್ಮ ಬೀದಿಯ ಕಾವೇರಿಯನ್ನು ಅದೇ ಕಣ್ಣಿನಿಂದ ನೋಡುತ್ತೇವೆ.

ಮೈಸೂರು ಸೀಮೆಗೆ ಮನಶ್ಶಾಸ್ತ್ರ ಹೊಸದೂ ಅಲ್ಲ. 1924ರಲ್ಲೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಅದಕ್ಕೊಂದು ವಿಭಾಗ ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಅದೇ ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ಸಣ್ಣದೊಂದು ಯಂತ್ರ ಇಟ್ಟುಕೊಂಡು ರೇಡಿಯೊ ಬಿತ್ತರಿಸಿದರು. ಅದರ ಹೆಸರು ಆಕಾಶವಾಣಿ. ಮನಸ್ಸನ್ನು ಓದಿದ ಮನುಷ್ಯ ಮನೆಯಲ್ಲಿ ಒಂಟಿಯಾಗಿ ಕೂತವರಿಗೆ ಒಂದು ದನಿ ತಲುಪಿಸಬೇಕೆಂದು ಹಂಬಲಿಸಿದ್ದು ಬರೀ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. 2003ರಿಂದ ಜಗತ್ತು ಆತ್ಮಹತ್ಯೆ ತಡೆ ದಿನವನ್ನು ಆಚರಿಸುತ್ತಿರುವುದೂ ಅದೇ ಸೆಪ್ಟೆಂಬರ್ 10ರಂದು. ಇದು ಕಾಕತಾಳೀಯ, ಆದರೂ ಪ್ರತಿ ವರ್ಷ ಆ ದಿನ ನನಗೆ ಎರಡೂ ಒಟ್ಟಿಗೆ ನೆನಪಾಗುತ್ತವೆ. ಈಗ ಆ ದನಿ ಜೇಬಿನ ಫೋನಿನಲ್ಲೇ ಇದೆ. ಮೇಲೆ ಹೇಳಿದ 14416, ಅಂದರೆ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು, ಅದರ ಬೇರು ನಿಮ್ಹಾನ್ಸ್‌ನಲ್ಲಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ವ್ಯವಸ್ಥೆಯನ್ನೂ ನಮ್ಮ ಸರ್ಕಾರ ಮಾಡಿದೆ. ಕಾರ್ಖಾನೆಗಳ ನೋಟಿಸ್ ಬೋರ್ಡಿನಲ್ಲಿ ಹೆಲ್ಮೆಟ್ಟು, ಬೂಟು, ಬೆಂಕಿ ಆರಿಸುವ ಸೂಚನೆಗಳ ಪಕ್ಕದಲ್ಲಿ ಈ ಐದು ಅಂಕಿ ಬರೆಯಲು ಎಷ್ಟು ಜಾಗ ಬೇಕು?

ಕಳೆದ ಭಾನುವಾರ ನಾನು ಟೀ ಅಂಗಡಿಯಲ್ಲಿ ಕಂಡ ಆ ಹುಡುಗನ ಮನೆಗೆ ಹೋದೆ. ಅವ್ವನಂತೆಯೇ ಬಟ್ಟೆಯ ಚೀಲ, ಒಂದು ಚಿಪ್ಪು ಬಾಳೆಹಣ್ಣು. ಜಗಲಿಯ ಮೇಲೆ ಕೂತಿದ್ದ. ‘ಬನ್ನಿ ಮೇಷ್ಟ್ರೆ’ ಎಂದು ಎದ್ದು ಚಾಪೆ ಹಾಸಿದ. ಊಟ ಕೇಳಿದೆ, ನಿದ್ದೆ ಕೇಳಿದೆ. ರಾತ್ರಿ ಪಾಳಿ ಬಂದಾಗಿನಿಂದ ನಿದ್ದೆ ಕೆಟ್ಟಿದೆ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಚಾಮರಾಜನಗರದ ರೈಲು ಕೂಗಿಕೊಂಡು ಹೋಯಿತು. ಆಮೇಲೆ, ಎದೆ ಡವಗುಟ್ಟುತ್ತಿದ್ದರೂ, ಕೇಳಿದೆ: ‘ಸಾಯ್ಬೇಕು ಅನ್ನೋ ಯೋಚ್ನೆ ಈಗ್ಲೂ ಬತ್ತದಾ ಮಗಾ?’

ಅವನು ಬೆಚ್ಚಲಿಲ್ಲ, ಸಿಟ್ಟಾಗಲಿಲ್ಲ. ತಲೆ ತಗ್ಗಿಸಿ ಚಾಪೆಯ ಒಂದು ಎಳೆಯನ್ನು ಬಿಡಿಸುತ್ತಾ, ‘ಒಂದೊಂದ್ಸಲ ಬತ್ತದೆ ಮೇಷ್ಟ್ರೆ. ಇಷ್ಟು ದಿನ ಯಾರೂ ಕೇಳ್ಲೇ ಇಲ್ಲ’ ಅಂದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಅವನ ತಾಯಿ ಬಾಗಿಲಿಗೆ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊಸಿಲ ಮೇಲೆ ಕೂತರು.

ಹೀಗೆ ಬದುಕಿ ಬಂದವರ ಜೊತೆ ಕೂತು, ಆ ಯೋಚನೆ ಮತ್ತೆ ಏರಿದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡುವ ಪದ್ಧತಿಯನ್ನು ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ರೂಪಿಸಿದ್ದಾರೆ. ಬರುವ ಮುನ್ಸೂಚನೆ ಏನು, ಆಗ ಎಲ್ಲಿಗೆ ಹೋಗಿ ಕೂರುವುದು, ಯಾರಿಗೆ ಫೋನು ಮಾಡುವುದು, ಅಪಾಯದ ವಸ್ತುಗಳನ್ನು ಮನೆಯಿಂದ ಹೇಗೆ ದೂರ ಇಡುವುದು ಎಂಬಷ್ಟೇ. ವೈದ್ಯರ ಬಳಿ ಸರಿಯಾಗಿ ಮಾಡಿಸೋಣ, ಅಲ್ಲಿಯವರೆಗೆ ಇದಿರಲಿ ಎಂದು ಕ್ಯಾಲೆಂಡರಿನ ಹಾಳೆ ಹರಿದು ಅವನ ಕೈಗೆ ಪೆನ್ನು ಕೊಟ್ಟೆ. ರಾತ್ರಿ ಪಾಳಿ ಮುಗಿದ ಬೆಳಿಗ್ಗೆ, ರೂಮಿನಲ್ಲಿ ಒಬ್ಬನೇ ಇದ್ದಾಗ, ಎಂದು ಮೊದಲ ಸಾಲು ಬರೆದ. ಅಡ್ಡಾದಿಡ್ಡಿ ಅಕ್ಷರದಲ್ಲಿ 14416 ಬರೆದ. ಯಾರಿಗೆ ಫೋನು ಮಾಡುತ್ತಿ ಎಂದಾಗ ಅಕ್ಕನ ಹೆಸರು ಬರೆದ. ಎರಡನೆಯದಾಗಿ ನನ್ನ ನಂಬರು ಬರೆದ. ಮೂರನೆಯದಕ್ಕೆ ಪೆನ್ನು ನಿಂತಿತು.

ಅವನ ತಾಯಿ ಚೀಲದಿಂದ ಒಂದು ಹಣ್ಣು ತೆಗೆದು ಸುಲಿದು ಅವನ ಎಡಗೈಗಿಟ್ಟರು. ಅರ್ಧ ತಿಂದು, ಯೋಚಿಸಿ, ಟೀ ಅಂಗಡಿಯವನ ಹೆಸರು ಬರೆದ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬೈಕು ತಂದು ಕರೆದುಕೊಂಡು ಹೋಗುತ್ತೇನೆ, ನಂಜನಗೂಡಿನ ಆಸ್ಪತ್ರೆಗೆ, ಎಂದೆ. ಅವನು ಹಾಳೆಯನ್ನು ತಿರುಗಿಸಿ, ಕ್ಯಾಲೆಂಡರಿನ ಕಡೆಯಲ್ಲಿ ಬೆರಳಿಟ್ಟು, ಆ ದಿನ ಯಾವ ಪಾಳಿ ಎಂದು ಲೆಕ್ಕ ಹಾಕತೊಡಗಿದ.